ಪಿಯುಸಿ ಕಾಮರ್ಸ್ ಮುಗಿಯಿತು: ಬಿ.ಕಾಂಗೆ ಹೋಗೋದಾ, ಅಪ್ರೆಂಟಿಸ್ ಆಗೋದಾ?

ದ್ವಿತೀಯ ಪಿಯುಸಿ ರಿಸಲ್ಟ್ ಬಂದ ಮೇಲೆ ಕಾಮರ್ಸ್ ಮಕ್ಕಳ ಮನೆಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಬಿ.ಕಾಂ ಯಾವ ಕಾಲೇಜಿನಲ್ಲಿ? ಕೈ ಬಿಗಿ ಇರುವ ಮನೆಯಾದರೆ ಮಾತು ಬೇರೆ: "ಮೊದಲು ಎಲ್ಲಾದರೂ ಕೆಲಸಕ್ಕೆ ಸೇರು, ಓದು ಆಮೇಲೆ ನೋಡೋಣ." ಇವೆರಡರ ನಡುವೆ ದುಡಿಯುತ್ತಲೇ ಕಲಿಯುವ ದಾರಿಗಳು ಮೂರ್ನಾಲ್ಕು ಇವೆ. ಅವುಗಳ ಬಗ್ಗೆ ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲ.

ನಾನು ಪಿಯುಸಿಯಲ್ಲಿ ಸೆಬಾ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಓದಿ, ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಅಪ್ರೆಂಟಿಸ್ ಆಗಿ ಸೇರಿದ್ದೆ. ಬಿ.ಕಾಂ ಮಾಡಿದ್ದು ಸಂಜೆ ಕಾಲೇಜಿನಲ್ಲಿ. ಈಗ ಅಂಥದ್ದೇ ಇನ್ನೊಂದು ಕಡೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಕೆಲಸ ಹೇಳಿಕೊಡುತ್ತೇನೆ. ಹಾಗಾಗಿ ನನ್ನ ಮನಸ್ಸು ಒಂದು ಕಡೆಗೆ ಸ್ವಲ್ಪ ವಾಲಿದೆ, ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಓದಿ.

ಎಲ್ಲರೂ ಮೊದಲು ಹೋಲಿಸುವುದು ಸ್ಟೈಪೆಂಡ್ ಎಷ್ಟು ಅಂತ. ನನ್ನ ಪ್ರಕಾರ ಅದನ್ನು ಮೂರನೆಯದಾಗಿ ನೋಡಬೇಕು. ಮೊದಲು ನೋಡಬೇಕಾದದ್ದು ನಿಮ್ಮ ಕೈಗೆ ಯಾವ ಕೆಲಸ ಕೊಡುತ್ತಾರೆ, ತಪ್ಪಾದರೆ ಕೂರಿಸಿಕೊಂಡು ತಿದ್ದುವವರು ಯಾರು ಅನ್ನುವುದು. ಎರಡನೆಯದು, ಮೂರ್ನಾಲ್ಕು ವರ್ಷ ಕಳೆದ ಮೇಲೆ ನಿಮ್ಮ ಹತ್ತಿರ ಡಿಗ್ರಿ ಇರುತ್ತದಾ ಅನ್ನುವುದು.

ಪಿಯುಸಿ ಆದ ಕೂಡಲೇ ಅಪ್ರೆಂಟಿಸ್

ಅಪ್ರೆಂಟಿಸ್ ಅಂದ ಕೂಡಲೇ ಜನರಿಗೆ ನೆನಪಾಗುವುದು ಐಟಿಐ, ಫಿಟ್ಟರ್, ವೆಲ್ಡರ್. 1961ರ ಅಪ್ರೆಂಟಿಸ್ ಕಾಯ್ದೆ ಹುಟ್ಟಿದ್ದೂ ಕಾರ್ಖಾನೆಗಳಿಗಾಗಿಯೇ. 2014ರ ತಿದ್ದುಪಡಿ ಬಂದ ಮೇಲೆ ಆಫೀಸ್ ಕೆಲಸ, ಅಕೌಂಟ್ಸ್, ಅಂಗಡಿ ಮಾರಾಟ, ಗೋದಾಮು, ಸಾಗಣೆ ಇವುಗಳಿಗೂ ಬಾಗಿಲು ಅಗಲವಾಗಿ ತೆರೆಯಿತು. 2016ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಪಿಯುಸಿ ಪಾಸಾದವರು ನೇರವಾಗಿ ಇಂಥ ಕೆಲಸಗಳಿಗೆ ಸೇರಬಹುದು. ಅವಧಿ ಆರು ತಿಂಗಳಿಂದ ಮೂರು ವರ್ಷ, ಟ್ರೇಡ್ (ಅಂದರೆ ಕಲಿಯುವ ಕೆಲಸ) ನೋಡಿಕೊಂಡು.

ಕಂಪನಿಗಳಿಗೆ ನಿಮ್ಮ ಮೇಲೆ ಯಾಕಿಷ್ಟು ಪ್ರೀತಿ? 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಒಟ್ಟು ಸಿಬ್ಬಂದಿಯ 2.5ರಿಂದ 15 ಶೇಕಡಾದಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ಕೆಲವರು ನಿಜವಾಗಿ ಕಲಿಸಲು ತೆಗೆದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಲೆಕ್ಕ ತುಂಬಿದರೆ ಸಾಕು. ಈ ಎರಡು ಥರದವರನ್ನು ಬೇರೆ ಮಾಡಿ ನೋಡುವುದೇ ನಿಮ್ಮ ಮುಖ್ಯ ಕೆಲಸ.

ಕಾನೂನಿನ ಕಣ್ಣಲ್ಲಿ ನೀವು ಕೆಲಸಗಾರರಲ್ಲ, ಕಲಿಯಲು ಬಂದವರು. ಹಾಗಾಗಿ ಪಿಎಫ್ ಇಲ್ಲ, ಇಎಸ್ಐ ಇಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ನಿಮ್ಮ ಕಡೆಗೂ ಒಂದಿಷ್ಟು ಇದೆ: ಸರ್ಕಾರ ನೇಮಿಸಿದ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕು. "ಮಾರ್ಚ್ ಎಂಡ್, ಎಲ್ಲರೂ ಕೂರ್ತಾರೆ" ಅಂತ ರಾತ್ರಿ ಹತ್ತರವರೆಗೆ ಕೂರಿಸುವವರು ಇರುತ್ತಾರೆ. ಗೊತ್ತಿರಲಿ ಅಂತ ಹೇಳಿದೆ.

ಇನ್ನು ಕೆಲಸ. ನನ್ನನ್ನು ಮೊದಲು ಕೂರಿಸಿದ್ದು ಖರೀದಿ ಬಿಲ್‌ಗಳ ಮುಂದೆ. ಒಂದು ಬಿಲ್ ಬಂತು ಅಂದರೆ ಅದಕ್ಕೆ ಜೋಡಿಯಾಗುವ ಎರಡು ಕಾಗದ ಹುಡುಕಬೇಕು. ನಾವು ಕೊಟ್ಟ ಪರ್ಚೇಸ್ ಆರ್ಡರ್ ಒಂದು, ಸ್ಟೋರ್ಸ್‌ನವರು ಮಾಲು ಎಣಿಸಿ ಕೊಟ್ಟ ಜಿಆರ್‌ಎನ್ ಇನ್ನೊಂದು. ಆರ್ಡರ್ 500 ಬೋಲ್ಟ್, ಬಿಲ್ಲೂ 500, ಆದರೆ ಸ್ಟೋರ್ಸ್ ಎಣಿಸಿದ್ದು 480. ಪಿಯುಸಿ ಪುಸ್ತಕದಲ್ಲಿ ಇಂಥ ಲೆಕ್ಕ ಬರುವುದೇ ಇಲ್ಲ, ಅಲ್ಲಿ ಎರಡೂ ಕಡೆ ಟೋಟಲ್ ಕೂಡಿದರೆ ಐದು ಮಾರ್ಕ್ಸ್. ಇಲ್ಲಿ ಬಿಲ್ಲನ್ನು 500ಕ್ಕೇ ಹಾಕಿಕೊಂಡು, 20ಕ್ಕೆ ಡೆಬಿಟ್ ನೋಟ್ ಮಾಡಿ, ಸಪ್ಲೈಯರ್‌ಗೆ ಫೋನ್ ಮಾಡಿ ಬೈಸಿಕೊಳ್ಳಬೇಕು. ಅದೇ ಸಪ್ಲೈಯರ್ ಬೊಮ್ಮಸಂದ್ರದವನಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಮುಂದೆ ಹೋದರೆ ಹೊಸೂರು, ಅದು ತಮಿಳುನಾಡು, ಅಲ್ಲಿಯವನಾದರೆ ಐಜಿಎಸ್‌ಟಿ. ಟ್ಯಾಲಿಯಲ್ಲಿ ಎಫ್9 ಒತ್ತಿ ಬಿಲ್ ಹಾಕುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ. ಯಾವ ಬಿಲ್ ಹಾಕದೆ ಪಕ್ಕಕ್ಕಿಡಬೇಕು ಅನ್ನುವುದು ತಿಂಗಳುಗಟ್ಟಲೆ ಕೂತು, ತಿದ್ದಿಸಿಕೊಂಡು ಬರುವ ವಿದ್ಯೆ.

ತಿಂಗಳಿಗೂ ಒಂದು ನಡೆ ಇರುತ್ತದೆ. 7ನೇ ತಾರೀಖಿನೊಳಗೆ ಟಿಡಿಎಸ್ (ಪಾವತಿಯಲ್ಲಿ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ನಾವು ಮಾರಿದ್ದರ ವಿವರ), 14ಕ್ಕೆ 2ಬಿ (ನಮಗೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಬರುತ್ತದೆ, 20ಕ್ಕೆ 3ಬಿ (ತಿಂಗಳ ತೆರಿಗೆ ಕಟ್ಟುವ ರಿಟರ್ನ್). ನಮಗೆ ಮಾರಿದವರು ಅವರ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಆ ಬಿಲ್ಲಿನ ತೆರಿಗೆ ನಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುವುದಿಲ್ಲ, ಅಂದರೆ ನಾವು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯಲಾಗುವುದಿಲ್ಲ. ಆದ್ದರಿಂದ 14ರಿಂದ 20ರವರೆಗೆ ಅಪ್ರೆಂಟಿಸ್ ಕೈಯಲ್ಲಿ ಫೋನು. "ಸಾರ್, ನಿಮ್ಮ ಎರಡು ಬಿಲ್ 2ಬಿಯಲ್ಲಿ ಬಂದಿಲ್ಲ." "ಮುಂದಿನ ತಿಂಗಳು ತೋರಿಸ್ತೀವಿ ಬಿಡಮ್ಮಾ." "ಸಾರ್, ಹಾಗಾದ್ರೆ ಪೇಮೆಂಟೂ ಮುಂದಿನ ತಿಂಗಳೇ." ಈ ಕೊನೆಯ ಮಾತನ್ನು ಹದಿನೆಂಟು ವರ್ಷದ ಹುಡುಗಿ ಅಳುಕದೆ ಹೇಳಲು ಕಲಿತಳು ಅಂದರೆ, ಆ ಆಫೀಸು ಅವಳಿಗೆ ಏನೋ ಕಲಿಸಿದೆ ಅಂತಲೇ ಅರ್ಥ.

ಎಲ್ಲಾ ಕಡೆ ಹೀಗಿರುವುದಿಲ್ಲ. ನನ್ನ ಜೊತೆ ಓದಿದ ಒಬ್ಬನನ್ನು ಇನ್ನೊಂದು ಕಂಪನಿ ಅಕೌಂಟ್ಸ್ ಅಂತ ಸೇರಿಸಿಕೊಂಡು, ಹಳೇ ವೋಚರ್‌ಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಹಾಕಿತು. ಮುಗಿಯುವವರೆಗೂ ಅದೇ. ಅವನಿಗೂ ಸರ್ಟಿಫಿಕೇಟ್ ಸಿಕ್ಕಿತು, ನನಗೂ ಸಿಕ್ಕಿತು. ಎರಡೂ ಒಂದೇ ಥರ ಕಾಣುತ್ತವೆ. ಮುಂದಿನ ಇಂಟರ್‌ವ್ಯೂನಲ್ಲಿ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ದುಡ್ಡಿನ ವಿಷಯ: 2019ರ ನಿಯಮದಲ್ಲಿ ಪಿಯುಸಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ, ಎರಡನೇ ವರ್ಷ ಅದರ ಮೇಲೆ 10 ಶೇಕಡಾ. 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ಮೊತ್ತಗಳನ್ನು 36 ಶೇಕಡಾ ಏರಿಸಲು ಶಿಫಾರಸು ಮಾಡಿತು. ಆದ್ದರಿಂದ ನೀವು ಸೇರುವ ದಿನ ಯಾವ ಮೊತ್ತ ಜಾರಿಯಲ್ಲಿದೆ ಅಂತ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ನ್ಯಾಪ್ಸ್‌ನಲ್ಲಿ ಸರ್ಕಾರದ ಪಾಲು 25 ಶೇಕಡಾ, ಗರಿಷ್ಠ 1,500 ರೂಪಾಯಿ. ಇದು ಆಧಾರ್ ಜೋಡಿಸಿದ ನಿಮ್ಮ ಖಾತೆಗೆ ನೇರವಾಗಿ ಬರುತ್ತದೆ, ಉಳಿದದ್ದನ್ನು ಕಂಪನಿ ಹಾಕುತ್ತದೆ. ಅಂದರೆ ಒಂದೇ ತಿಂಗಳ ಸ್ಟೈಪೆಂಡ್ ಎರಡು ಕಂತಿನಲ್ಲಿ ಬರಬಹುದು. "ಕಮ್ಮಿ ಹಾಕಿದ್ದಾರೆ" ಅಂತ ಜಗಳಕ್ಕೆ ಹೋಗುವ ಮುಂಚೆ ಪಾಸ್‌ಬುಕ್ ನೋಡಿ.

ಬೇರೆ ಊರಿಂದ ಬಂದು ಪಿಜಿಯಲ್ಲಿ ಇರುವವರಿಗೆ ಈ ದುಡ್ಡು ಸಾಲುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಾಡಿಗೆಗೇ ಹೆಚ್ಚುಕಮ್ಮಿ ಅಷ್ಟೂ ಹೋಗುತ್ತದೆ. ಮನೆಯಿಂದ ಓಡಾಡುವವರಿಗೆ, ಅದರಲ್ಲೂ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ ಆಗಿರುವ ಹುಡುಗಿಯರಿಗೆ, ಸ್ವಲ್ಪ ಉಳಿಯುತ್ತದೆ. ನನ್ನ ಸಲಹೆ ಕೇಳಿದರೆ, ನಿಮ್ಮದೇ ಊರಿನ ಹತ್ತಿರ ಇರುವ ಸಣ್ಣ ಕಂಪನಿ ಬೆಂಗಳೂರಿನ ದೊಡ್ಡ ಹೆಸರಿಗಿಂತ ಎಷ್ಟೋ ಸಲ ಒಳ್ಳೆಯದು. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಮಂಗಳೂರು ಎಲ್ಲ ಕಡೆ ಕೈಗಾರಿಕಾ ಪ್ರದೇಶಗಳಿವೆ. ಸಣ್ಣ ಕಂಪನಿಯಲ್ಲಿ ಅಕೌಂಟ್ಸ್‌ನಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಎಲ್ಲ ಕೆಲಸವೂ ನಿಮ್ಮ ಕಣ್ಣ ಮುಂದೆಯೇ ನಡೆಯುತ್ತದೆ.

ಈ ದಾರಿಯ ದೊಡ್ಡ ಕೊರತೆ ಡಿಗ್ರಿ. ಎರಡು ವರ್ಷ ಚೆನ್ನಾಗಿ ಕಲಿತರೂ ಕಾಗದದಲ್ಲಿ ನೀವು ಪಿಯುಸಿಯೇ. ಎಸ್‌ಡಿಎ ಪರೀಕ್ಷೆಗೆ ಪಿಯುಸಿ ಸಾಕು, ಎಫ್‌ಡಿಎಗೆ ಡಿಗ್ರಿ ಬೇಕು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೂ ಡಿಗ್ರಿ ಬೇಕು. ಖಾಸಗಿ ಕಂಪನಿಯಲ್ಲೂ ಕೆಲಸ ಬಲ್ಲ ಪಿಯುಸಿ ಹುಡುಗನಿಗೆ ಹೇಳುವ ಸಂಬಳ ಬೇರೆ, ಅಷ್ಟೇ ಕೆಲಸ ಬಲ್ಲ ಬಿ.ಕಾಂ ಹುಡುಗನಿಗೆ ಬೇರೆ. ಹಾಗಾಗಿ ಈ ದಾರಿ ಹಿಡಿದರೆ ಮೊದಲ ವರ್ಷವೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ ಬಿ.ಕಾಂಗೆ ಸೇರಿಬಿಡಿ, ಇಲ್ಲವೇ ಸಂಜೆ ಕಾಲೇಜು ಹುಡುಕಿ. "ಒಂದು ವರ್ಷ ಬಿಟ್ಟು ಸೇರ್ತೀನಿ" ಅಂದವರು ಸೇರಿದ್ದನ್ನು ನಾನು ಕಂಡದ್ದು ಕಡಿಮೆ. ಕೈಗೆ ದುಡ್ಡು ಬರಲು ಶುರುವಾದ ಮೇಲೆ ಪುಸ್ತಕ ಹಿಡಿಯುವುದು ಕಷ್ಟ, ಅಲ್ವಾ?

ಅಪ್ರೆಂಟಿಸ್‌ಶಿಪ್ ಒಳಗೇ ಇರುವ ಡಿಗ್ರಿ

ಇದು ತೀರಾ ಹೊಸದು, ಹಾಗಾಗಿ ಬಹಳ ಮನೆಗಳಿಗೆ ಇದರ ಸುದ್ದಿಯೇ ತಲುಪಿಲ್ಲ. ಇದರ ಹೆಸರು ಎಇಡಿಪಿ. ಡಿಗ್ರಿಯ ಒಂದು ಭಾಗ ಕ್ಲಾಸಿನಲ್ಲಿ, ಇನ್ನೊಂದು ಭಾಗ ಕಂಪನಿಯಲ್ಲಿ. ಕಂಪನಿಯಲ್ಲಿ ಕಳೆದ ಸಮಯಕ್ಕೂ ಕ್ರೆಡಿಟ್ ಸಿಗುತ್ತದೆ, ಮಾರ್ಕ್ಸ್ ಕಾರ್ಡಿನಲ್ಲಿ ಬರುತ್ತದೆ. ಯುಜಿಸಿ 2020ರಲ್ಲಿ ಇದಕ್ಕೆ ಮಾರ್ಗಸೂಚಿ ತಂದು, 2025ರಲ್ಲಿ ಪರಿಷ್ಕರಿಸಿತು. ಮೂರು ವರ್ಷದ ಡಿಗ್ರಿಯಲ್ಲಿ ಕನಿಷ್ಠ ಒಂದು ಸೆಮಿಸ್ಟರ್, ಹೆಚ್ಚೆಂದರೆ ಮೂರು ಸೆಮಿಸ್ಟರ್ ಕಂಪನಿಯಲ್ಲಿ. ಕರ್ನಾಟಕದಲ್ಲಿ 2024-25ರಿಂದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಇಂಥ ಬಿ.ಕಾಂ ಶುರುವಾಗಿದೆ. ಬ್ಯಾಂಕಿಂಗ್ ಮತ್ತು ವಿಮೆ, ಲಾಜಿಸ್ಟಿಕ್ಸ್, ರಿಟೇಲ್, ಇ-ಕಾಮರ್ಸ್ ಹೀಗೆ ಬೇರೆ ಬೇರೆ ವಿಷಯಗಳಿವೆ.

ಪಿಯುಸಿ ಅಪ್ರೆಂಟಿಸ್ ಜೊತೆ ಇದನ್ನು ಹೋಲಿಸಿದರೆ ಡಿಗ್ರಿಯ ಚಿಂತೆ ಇಲ್ಲಿಲ್ಲ. ಇನ್ನೊಂದು ಸಣ್ಣ ಲಾಭವೂ ಇದೆ, ಬಹಳ ಮಂದಿ ಗಮನಿಸುವುದಿಲ್ಲ: ಡಿಗ್ರಿ ಓದುತ್ತಾ ಅಪ್ರೆಂಟಿಸ್ ಆದವರಿಗೂ 2019ರ ನಿಯಮದಲ್ಲಿ ಪದವೀಧರರ ಕನಿಷ್ಠವೇ, ಅಂದರೆ 9,000. ಇನ್ನೂ ಡಿಗ್ರಿ ಮುಗಿಯದಿದ್ದರೂ ಪಿಯುಸಿಯವರಿಗಿಂತ 2,000 ಜಾಸ್ತಿ.

ತೊಂದರೆ ಏನೆಂದರೆ ದುಡ್ಡು ಮೊದಲ ದಿನದಿಂದ ಬರುವುದಿಲ್ಲ. ಸಾಮಾನ್ಯವಾಗಿ ಕಂಪನಿಗೆ ಕಳಿಸುವುದು ಕೊನೆಯ ವರ್ಷ. ಅಲ್ಲಿಯವರೆಗೆ ಮನೆಯವರು ಸಾಕಬೇಕು. ಇನ್ನೊಂದು, ಕಂಪನಿಯನ್ನು ಆರಿಸುವುದು ಬಹುಪಾಲು ಕಾಲೇಜಿನ ಕೈಯಲ್ಲಿರುತ್ತದೆ. ಕಾಲೇಜಿನ ಒಪ್ಪಂದ ಯಾರ ಜೊತೆ ಇದೆಯೋ ಅಲ್ಲಿಗೆ ನೀವು. ಬ್ಯಾಂಕಿಂಗ್ ಅಂತ ಸೇರಿ, ಕೊನೆಗೆ ಫೋನಿನಲ್ಲಿ ವಿಮೆ ಪಾಲಿಸಿ ಮಾರುವ ಕೆಲಸ ಸಿಕ್ಕರೆ ಬೇಸರವಾಗುತ್ತದೆ. ಅಡ್ಮಿಷನ್‌ಗೆ ಮುಂಚೆಯೇ ಕಾಲೇಜಿಗೆ ಹೋಗಿ ಯಾವ ಕಂಪನಿಗಳು, ಯಾವ ಊರಲ್ಲಿ, ಯಾವ ಕೆಲಸ ಅಂತ ಕೇಳಿ. "ಆಮೇಲೆ ತಿಳಿಸ್ತೀವಿ" ಅಂದರೆ ಇನ್ನೊಂದು ಕಾಲೇಜು ನೋಡಿ.

ಮಾಮೂಲಿ ಬಿ.ಕಾಂ, ಆಮೇಲೆ ಅಪ್ರೆಂಟಿಸ್

ಎಲ್ಲರೂ ಹಿಡಿಯುವ ದಾರಿ ಇದು. ರಾಜ್ಯದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ನಾಲ್ಕು ವರ್ಷದ ಗೊಂದಲ ಈಗಿಲ್ಲ. ಬಿ.ಕಾಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೂರು ವರ್ಷ ಸುಮ್ನೆ ಅಟೆಂಡೆನ್ಸ್‌ಗೆ ಹೋಗಿ ಬಂದು, ಕೊನೆಗೆ ಒಂದು ಬಿಲ್ ಓದಲು ಬಾರದೆ ಇಂಟರ್‌ವ್ಯೂಗೆ ಬರುವವರನ್ನು ವರ್ಷವೂ ನೋಡುತ್ತೇನೆ, ಅಷ್ಟೇ.

ಡಿಗ್ರಿ ಆದ ಮೇಲೆ ಸಿಗುವ ಅಪ್ರೆಂಟಿಸ್‌ಶಿಪ್‌ಗಳು ಪಿಯುಸಿ ಹಂತದವಕ್ಕಿಂತ ಚೆನ್ನಾಗಿವೆ. ಎಸ್‌ಬಿಐ, ಕೆನರಾ ಬ್ಯಾಂಕ್‌ನಂಥವು ಕರೆಯುವ ಒಂದು ವರ್ಷದ ಅಪ್ರೆಂಟಿಸ್‌ಗೆ ತಿಂಗಳಿಗೆ 15,000 ಕೊಟ್ಟಿವೆ. ಇದಕ್ಕೆ ಡಿಗ್ರಿ ಬೇಕೇ ಬೇಕು, ಸ್ಥಳೀಯ ಭಾಷೆಯೂ ಬರಬೇಕು. ನಮ್ಮ ರಾಜ್ಯದಲ್ಲಿ ಕನ್ನಡ ಓದಿದವರಿಗೆ ಅದು ಅನುಕೂಲವೇ. ಕೆನರಾ ಬ್ಯಾಂಕ್ ಮೆರಿಟ್ ಪಟ್ಟಿ ಮಾಡಿದ್ದು ಡಿಗ್ರಿ ಅಂಕ ನೋಡಿ ಅಲ್ಲ, ಪಿಯುಸಿ ಅಥವಾ ಡಿಪ್ಲೊಮಾ ಅಂಕ ನೋಡಿ. ಈಗಿನ್ನೂ ಎರಡನೇ ಪಿಯುಸಿಯಲ್ಲಿರುವ ತಮ್ಮ ತಂಗಿ ಮನೆಯಲ್ಲಿದ್ದರೆ ಈ ಸಾಲು ಓದಿ ಹೇಳಿ. ಒಂದು ಎಚ್ಚರ: ಬ್ಯಾಂಕ್ ಅಪ್ರೆಂಟಿಸ್ ಅಂದರೆ ಬ್ಯಾಂಕ್ ನೌಕರಿ ಅಲ್ಲ. ವರ್ಷ ಮುಗಿದ ಮೇಲೆ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಊರಲ್ಲಿ ಮಾತ್ರ "ನಮ್ಮ ಹುಡುಗ ಬ್ಯಾಂಕ್ ಸೇರ್ದ" ಅಂತ ಹೆಣ್ಣು ನೋಡಲೂ ಶುರು ಮಾಡಿರುತ್ತಾರೆ.

ಯುವನಿಧಿ ಲೆಕ್ಕ ಹಾಕುವವರೂ ಇದ್ದಾರೆ. ಡಿಗ್ರಿ ಆಗಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಅಪ್ರೆಂಟಿಸ್ ವೇತನ ಪಡೆಯುತ್ತಿರುವವರಿಗೆ ಇದು ಇಲ್ಲ. 3,000ಕ್ಕಾಗಿ ಅಪ್ರೆಂಟಿಸ್ ಬಿಡುವುದು ಬುದ್ಧಿವಂತಿಕೆಯಲ್ಲ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಬಂದಾಗ 21ರಿಂದ 24 ವರ್ಷದವರಿಗೆ ಅಂತ ಇತ್ತು, ಆಗಷ್ಟೇ ಪಿಯುಸಿ ಮುಗಿಸಿದವರಿಗಲ್ಲ.

ಸಿಎ ದಾರಿ

ಇದೂ ಒಂದು ಅಪ್ರೆಂಟಿಸ್‌ಶಿಪ್ಪೇ, ಹೆಸರು ಆರ್ಟಿಕಲ್‌ಶಿಪ್. ಪಿಯುಸಿ ಆದ ಮೇಲೆ ಫೌಂಡೇಷನ್, ನಾಲ್ಕು ಪೇಪರ್. ಆಮೇಲೆ ಇಂಟರ್, ಎರಡು ಗ್ರೂಪ್. 2023ರ ಹೊಸ ಪದ್ಧತಿಯಲ್ಲಿ ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆಯೇ ಆರ್ಟಿಕಲ್‌ಶಿಪ್. ಅದರ ಅವಧಿಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿದ್ದಾರೆ. ಪಾಸಾಗಲು ಪ್ರತಿ ಪೇಪರಿನಲ್ಲೂ 40, ಒಟ್ಟಾರೆ 50 ಶೇಕಡಾ. ಕೇಳಲು ಕಮ್ಮಿ ಅನ್ನಿಸುತ್ತದೆ. ಪಿಯುಸಿಯಲ್ಲಿ ಅಕೌಂಟ್ಸ್‌ಗೆ 98 ತೆಗೆದವರೂ ಇಂಟರ್‌ನಲ್ಲಿ ಸಿಕ್ಕಿಹಾಕಿಕೊಂಡದ್ದಿದೆ.

ನನ್ನ ಚಿಕ್ಕಮ್ಮನ ಮಗಳು ಈ ದಾರಿಯಲ್ಲಿ ಹೋದವಳು. ಏಪ್ರಿಲ್ ಬಂತು ಅಂದರೆ ಬ್ಯಾಂಕ್ ಶಾಖೆಗಳ ಆಡಿಟ್ ಅಂತ ಅವಳು ಊರೂರು ತಿರುಗುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್, ಆಗ ಮನೆಯವರ ಫೋನೂ ಎತ್ತುತ್ತಿರಲಿಲ್ಲ. ಒಂದು ಕಂಪನಿಯ ಒಳಗೆ ಕೂತ ನಾನು ಒಂದೇ ಥರದ ಲೆಕ್ಕ ನೋಡಿದೆ, ಅವಳು ಅಷ್ಟರಲ್ಲಿ ರೈಸ್ ಮಿಲ್, ಆಸ್ಪತ್ರೆ, ಸಹಕಾರ ಸಂಘ ಎಲ್ಲದರ ಪುಸ್ತಕ ಬಿಚ್ಚಿ ನೋಡಿದ್ದಳು. ಕಲಿಕೆಯ ಅಗಲದಲ್ಲಿ ಆರ್ಟಿಕಲ್‌ಶಿಪ್ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಸ್ಟೈಪೆಂಡ್ ಮಾತ್ರ ಊರಿನ ಜನಸಂಖ್ಯೆ ಮೇಲೆ ನಿಗದಿಯಾಗುತ್ತದೆ, ಸಣ್ಣ ಊರಲ್ಲಿ ಕೈಖರ್ಚಿಗೆ ಆದರೆ ಹೆಚ್ಚು. ದೊಡ್ಡ ಫರ್ಮ್‌ಗಳು ಜಾಸ್ತಿ ಕೊಡುತ್ತವೆ.

ಪರೀಕ್ಷೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ ಇರುವುದರಿಂದ ಸಿಎ ಮಾಡುವವರು ಜೊತೆಯಲ್ಲೇ ಒಂದು ಡಿಗ್ರಿ ಇಟ್ಟುಕೊಳ್ಳಲಿ. ಆರ್ಟಿಕಲ್‌ಶಿಪ್ ವೇಳೆ ಬೇರೆ ಕೋರ್ಸ್ ಓದಲು ಸಿಎ ಸಂಸ್ಥೆಯ ಅನುಮತಿ ಬೇಕು, 112ನೇ ನಮೂನೆ ತುಂಬಬೇಕು. ಬಹಳ ಮಂದಿ ಇದನ್ನು ಮರೆಯುತ್ತಾರೆ.

ಆಡಿಟರ್ ಆಫೀಸು, ಮಂಡಿ, ಅಂಗಡಿ

ಒಪ್ಪಂದ, ಪೋರ್ಟಲ್ ಏನೂ ಇಲ್ಲದೆ ಸೇರುವ ಕೆಲಸ ಇದು. ಜಿಲ್ಲಾ ಕೇಂದ್ರಗಳಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ, ಎಪಿಎಂಸಿ ಮಂಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ಪರಿಚಯದ ಮೇಲೆ ಸಿಗುತ್ತದೆ. ಒಳ್ಳೆ ಯಜಮಾನ ಸಿಕ್ಕರೆ ಯಾವ ಕಾಲೇಜೂ ಕಲಿಸದಷ್ಟು ಕಲಿಯಬಹುದು. ಕ್ಲೈಂಟ್ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ತಂದ ವರ್ಷದ ಬಿಲ್‌ಗಳನ್ನು ಬಿಡಿಸಿ, ತಾರೀಖಿನ ಪ್ರಕಾರ ಜೋಡಿಸಿ, ಅದರಿಂದ ಒಂದು ಲಾಭ ನಷ್ಟದ ಪಟ್ಟಿ ತೆಗೆಯುವುದು ಸಣ್ಣ ವಿದ್ಯೆ ಅಲ್ಲ. ಸಮಸ್ಯೆ ಏನೆಂದರೆ, ಬಿಟ್ಟ ದಿನ ಹೇಳಿಕೊಳ್ಳಲು ಒಂದು ಕಾಗದವೂ ಇರುವುದಿಲ್ಲ. ಡಿಗ್ರಿ ಓದುತ್ತಾ ಅರ್ಧ ದಿನ ಮಾಡಲು ಚೆನ್ನ. ಇದೊಂದನ್ನೇ ನಂಬಿ ವರ್ಷಗಟ್ಟಲೆ ಕೂರಬೇಡಿ.

ಹಾಗಾದರೆ ಯಾರಿಗೆ ಯಾವುದು

ಮನೆಗೆ ತಿಂಗಳು ತಿಂಗಳು ದುಡ್ಡು ಬೇಕೇ ಬೇಕು ಅನ್ನುವವರಿಗೆ ಪಿಯುಸಿ ಅಪ್ರೆಂಟಿಸ್, ಜೊತೆಗೆ ಸಂಜೆಯೋ ದೂರಶಿಕ್ಷಣವೋ ಬಿ.ಕಾಂ. ಈ ಜೊತೆ ತಪ್ಪಿದರೆ ನಾನು ಬೇಡ ಅನ್ನುತ್ತೇನೆ. ಎರಡು ವರ್ಷ ಮನೆಯವರು ತಡೆದುಕೊಳ್ಳುತ್ತಾರೆ, ಹತ್ತಿರದ ಕಾಲೇಜಿನಲ್ಲಿ ಎಇಡಿಪಿ ಇದೆ, ಅವರು ಕಳಿಸುವ ಕಂಪನಿಯೂ ಪರವಾಗಿಲ್ಲ ಅನ್ನುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಓದುವ ಹಠ ಇದೆ, ಒಂದೆರಡು ಸಲ ಫೇಲ್ ಆದರೂ ಕುಗ್ಗುವುದಿಲ್ಲ ಅನ್ನುವವರು ಫೌಂಡೇಷನ್‌ಗೆ ನೋಂದಾಯಿಸಿ, ಮೊದಲ ಪ್ರಯತ್ನ ಹೇಗಾಯಿತು ನೋಡಿ ಮುಂದಿನದು ತೀರ್ಮಾನಿಸಿ. ಸರ್ಕಾರಿ ಕೆಲಸವೇ ಗುರಿ ಅನ್ನುವವರಿಗೆ ಮಾಮೂಲಿ ಡಿಗ್ರಿಯೇ ಸರಿ, ಸುಮ್ನೆ ಅಪ್ರೆಂಟಿಸ್ ಅಂತ ಸಮಯ ಹಂಚಬೇಡಿ.

"ಏನು ಇಷ್ಟ ಅಂತ ನಂಗೇ ಗೊತ್ತಿಲ್ಲ" ಅನ್ನುವವರೇ ಜಾಸ್ತಿ. ಅಂಥವರು ಆರು ತಿಂಗಳದ್ದೋ ಒಂದು ವರ್ಷದ್ದೋ ಸಣ್ಣ ಅಪ್ರೆಂಟಿಸ್‌ಶಿಪ್ ಮಾಡಲಿ. ಅಕೌಂಟ್ಸ್ ತನಗಲ್ಲ, ಜನರ ಜೊತೆ ಮಾತಾಡುವ ಸೇಲ್ಸ್ ಕೆಲಸವೇ ಚೆನ್ನ ಅಂತ ಹದಿನೆಂಟಕ್ಕೇ ಗೊತ್ತಾದರೆ ಅದೂ ಲಾಭವೇ.

ಸಹಿ ಹಾಕುವ ಮೊದಲು

ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ, ಅಲ್ಲಿ ಈಗಾಗಲೇ ಇರುವ ಅಪ್ರೆಂಟಿಸ್ ಒಬ್ಬರನ್ನು ಮಾತಾಡಿಸಿ. ನಿನ್ನೆ ಏನು ಕೆಲಸ ಮಾಡಿದ್ರಿ ಅಂತ ಕೇಳಿ. "ಎಲ್ಲಾ ಕಲಿಸ್ತಾರೆ" ಅನ್ನುವ ಉತ್ತರಕ್ಕಿಂತ "ನಿನ್ನೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಮಾಡ್ದೆ" ಅನ್ನುವ ಉತ್ತರ ಮೇಲು. ಎಚ್‌ಆರ್‌ಗೆ ಒಂದೇ ಪ್ರಶ್ನೆ: ನಾನು ಯಾರ ಕೈ ಕೆಳಗೆ ಕೆಲಸ ಮಾಡ್ತೀನಿ? ಒಬ್ಬರ ಹೆಸರು ಬರಬೇಕು.

ನೋಂದಣಿಗೆ ಅಂತ ಯಾರಿಗೂ ದುಡ್ಡು ಕೊಡಬೇಡಿ, ಪೋರ್ಟಲ್‌ನಲ್ಲಿ ಅದು ಉಚಿತ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ, ತೋರಿಸಿ ವಾಪಸ್ ತರುವುದಷ್ಟೇ. ಮಧ್ಯದಲ್ಲಿ ಏಜೆನ್ಸಿ ಇದ್ದರೆ ಒಪ್ಪಂದದಲ್ಲಿ ಯಾರ ಹೆಸರಿದೆ, ಸ್ಟೈಪೆಂಡ್ ಹಾಕುವವರು ಯಾರು ಅಂತ ಓದಿ ನೋಡಿ. ಕೊನೆಗೆ ಟ್ರೇಡ್ ಹೆಸರು. ಬಾಯಲ್ಲಿ ಅಕೌಂಟ್ಸ್ ಅಂದು ಒಪ್ಪಂದದಲ್ಲಿ ರಿಟೇಲ್ ಸೇಲ್ಸ್ ಅಂತ ಹಾಕಿರುವುದುಂಟು. ಸರ್ಟಿಫಿಕೇಟಿನಲ್ಲಿ ಬರುವುದು ಒಪ್ಪಂದದಲ್ಲಿ ಇರುವ ಹೆಸರೇ. ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತುವ ಮುಂಚೆ ಅದನ್ನು ತಿದ್ದಿಸಿಕೊಳ್ಳಿ, ಒತ್ತಿದ ಮೇಲೆ ತಿಂಗಳುಗಟ್ಟಲೆ ಅಲೆದಾಟ.